ಮನೆಯ ಪ್ರಿಂಟರ್‌ನಿಂದ ಬಟ್ಟೆಗೆ ಕಸೂತಿ ವಿನ್ಯಾಸ ಇಳಿಸುವುದು: ಸಮಗ್ರ ಮಾರ್ಗದರ್ಶಿ

ಇಷ್ಟವಾದ ವಿನ್ಯಾಸವೊಂದು ಕೈಗೆ ಸಿಕ್ಕ ಮೇಲೆ ಅದನ್ನು ಬಟ್ಟೆಯ ಮೇಲೆ ಮೂಡಿಸುವುದು ಹೇಗೆ ಎಂಬ ಪ್ರಶ್ನೆ ಕಸೂತಿ ಹಾಕುವ ಪ್ರತಿಯೊಬ್ಬರಿಗೂ ಎದುರಾಗುತ್ತದೆ. ಮನೆಯಲ್ಲಿ ಪ್ರಿಂಟರ್ ಇದ್ದರೆ ಇದಕ್ಕೆ ನಾಲ್ಕೈದು ದಾರಿಗಳಿವೆ, ಮತ್ತು ಅವುಗಳಲ್ಲಿ ಯಾವುದೂ ಕಷ್ಟದ್ದಲ್ಲ. ಕಷ್ಟವಿರುವುದು ಆಯ್ಕೆಯಲ್ಲಿ. ಹೊಸಬರು ಸಾಮಾನ್ಯವಾಗಿ ಗೆರೆ ಎಷ್ಟು ಸ್ಪಷ್ಟವಾಗಿ ಬಂದಿತು ಎಂಬುದನ್ನಷ್ಟೇ ನೋಡುತ್ತಾರೆ. ನಿಜವಾಗಿ ಮೊದಲು ಕೇಳಿಕೊಳ್ಳಬೇಕಾದದ್ದು, ಹೊಲಿಗೆ ಮುಗಿದ ಮೇಲೆ ಆ ಗೆರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಗೆರೆ ದಾರದ ಕೆಳಗೆ ಪೂರ್ತಿಯಾಗಿ ಮುಚ್ಚಿಹೋಗಬಹುದು, ನೀರಿನಲ್ಲಿ ತೊಳೆದುಹೋಗಬಹುದು, ಅಥವಾ ಕೊಡವಿದರೆ ಉದುರಿಹೋಗಬಹುದು. ಈ ಮೂರರಲ್ಲಿ ನಿಮ್ಮ ಬಟ್ಟೆಗೂ ಹೊಲಿಗೆಗೂ ಹೊಂದುವುದು ಯಾವುದು ಎಂದು ತೀರ್ಮಾನವಾದರೆ, ವಿಧಾನದ ಆಯ್ಕೆ ಅರ್ಧಕ್ಕಿಂತ ಹೆಚ್ಚು ಮುಗಿದಂತೆಯೇ.

ಎರಡು ಸಂಗತಿಗಳನ್ನು ಆರಂಭದಲ್ಲೇ ತಿಳಿದುಕೊಂಡಿರುವುದು ಒಳ್ಳೆಯದು. ಮೊದಲನೆಯದು, ನಿಮ್ಮ ಪ್ರಿಂಟರ್ ಇಂಕ್‌ಜೆಟ್ಟೋ ಲೇಸರೋ ಎಂಬುದು. ಇಂಕ್‌ಜೆಟ್ ದ್ರವರೂಪದ ಶಾಯಿಯನ್ನು ಸಿಂಪಡಿಸುತ್ತದೆ. ಆ ಶಾಯಿ ಕಾಗದದೊಳಗೆ ಇಳಿದು ಒಣಗುತ್ತದೆ. ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸ್ ಯಂತ್ರಗಳು ಬಳಸುವ ಟೋನರ್ ಮಾತ್ರ ಪ್ಲಾಸ್ಟಿಕ್ ಬೆರೆತ ನುಣ್ಣನೆಯ ಪುಡಿ. ಅದು ಬಿಸಿಗೆ ಕರಗಿ ಕಾಗದದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆಯಿಂದ ವಿನ್ಯಾಸ ಇಳಿಸುವ ವಿಧಾನಕ್ಕೆ ಟೋನರೇ ಬೇಕು. ಬಟ್ಟೆಯನ್ನೇ ಪ್ರಿಂಟರ್‌ಗೆ ಕೊಡುವ ವಿಧಾನಕ್ಕೆ ಇಂಕ್‌ಜೆಟ್ಟೇ ಬೇಕು. ಎರಡನೆಯದು, ಇಂಕ್‌ಜೆಟ್ ಶಾಯಿಯಲ್ಲೂ ಎರಡು ಬಗೆ: ಡೈ ಶಾಯಿ ನೀರು ತಾಗಿದರೆ ಹರಡುತ್ತದೆ ಮತ್ತು ಬಹುಪಾಲು ತೊಳೆದು ಹೋಗುತ್ತದೆ, ಪಿಗ್ಮೆಂಟ್ ಶಾಯಿ ಬಟ್ಟೆಯ ನೂಲಿಗೆ ಕಚ್ಚಿಕೊಂಡು ಉಳಿಯುತ್ತದೆ. ಒಂದೇ ಪ್ರಿಂಟರ್‌ನಲ್ಲಿ ಕಪ್ಪು ಪಿಗ್ಮೆಂಟ್ ಆಗಿದ್ದು ಬಣ್ಣದವು ಡೈ ಆಗಿರುವುದೂ ಉಂಟು. ಆದ್ದರಿಂದ ಶಾಯಿಯ ಬಾಟಲಿ ಅಥವಾ ಕಾರ್ಟ್ರಿಜ್ ಮೇಲಿನ ಬರಹವನ್ನು ಓದಿ ಖಚಿತಪಡಿಸಿಕೊಳ್ಳಿ.

ವಿನ್ಯಾಸ ಮತ್ತು ಅಳತೆ

ಮೊಬೈಲ್ ಪರದೆಯಲ್ಲಿ ಅಂದವಾಗಿ ಕಾಣುವ ಚಿತ್ರವೆಲ್ಲ ಮುದ್ರಣಕ್ಕೆ ಒದಗುವುದಿಲ್ಲ. ಗೆರೆ ಒಡೆಯದೆ ಬರಬೇಕಾದರೆ ಇಂಚಿಗೆ 300 ಚುಕ್ಕಿಗಳ ಲೆಕ್ಕ ಇಟ್ಟುಕೊಳ್ಳಬೇಕು. ಅಂದರೆ 15 ಸೆಂಟಿಮೀಟರ್ ಅಗಲದ ಹೂಬಳ್ಳಿಗೆ ಚಿತ್ರದ ಅಗಲ ಸುಮಾರು 1,770 ಪಿಕ್ಸೆಲ್ ಇರಬೇಕು. ಕೈಯಲ್ಲಿ ಬರೆದ ಚಿತ್ರವಾದರೆ ಫೋಟೋ ತೆಗೆಯುವುದಕ್ಕಿಂತ ಸ್ಕ್ಯಾನ್ ಮಾಡುವುದು ಮೇಲು, ಏಕೆಂದರೆ ಫೋಟೋದಲ್ಲಿ ಅಂಚುಗಳು ಸ್ವಲ್ಪ ಬಾಗುತ್ತವೆ ಮತ್ತು ಬಿಳಿ ಕಾಗದ ಬೂದಾಗಿ ಬರುತ್ತದೆ. ಬಣ್ಣ, ನೆರಳು, ಹಿನ್ನೆಲೆ ಎಲ್ಲವನ್ನೂ ತೆಗೆದು ಬರಿಯ ಹೊರಗೆರೆಯನ್ನಷ್ಟೇ ಉಳಿಸಿ. ಗೆರೆಯ ದಪ್ಪ 1 ಪಾಯಿಂಟ್, ಅಂದರೆ ಸುಮಾರು 0.35 ಮಿಲಿಮೀಟರ್ ದಾಟದಿದ್ದರೆ ಸಾಕು. ದಾರದ ಎರಡು ಎಳೆಯಿಂದ ಹಾಕಿದ ಸ್ಟೆಮ್ ಸ್ಟಿಚ್ ಅಥವಾ ಚೈನ್ ಸ್ಟಿಚ್ ಇಷ್ಟು ಗೆರೆಯನ್ನು ಸುಲಭವಾಗಿ ಮುಚ್ಚುತ್ತದೆ. ಒಂದೇ ಎಳೆಯ ಬ್ಯಾಕ್ ಸ್ಟಿಚ್ ಆದರೆ ಪಕ್ಕದಲ್ಲಿ ಶಾಯಿ ಇಣುಕುತ್ತದೆ.

ಮುದ್ರಿಸುವಾಗ ಅಳತೆ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಪ್ರಿಂಟ್ ಕಿಟಕಿಯಲ್ಲಿ 'ಫಿಟ್ ಟು ಪೇಜ್' ಎಂಬ ಆಯ್ಕೆ ತಾನಾಗಿಯೇ ಇರುತ್ತದೆ. ಅದನ್ನು ಬದಲಿಸಿ 'ಆಕ್ಚುಯಲ್ ಸೈಜ್' ಅಥವಾ 100 ಪ್ರತಿಶತ ಎಂದು ಕೊಡಬೇಕು. ವಿನ್ಯಾಸದ ಮೂಲೆಯಲ್ಲಿ 5 ಸೆಂಟಿಮೀಟರ್ ಬದಿಯ ಚೌಕವೊಂದನ್ನು ಸೇರಿಸಿಟ್ಟು, ಮೊದಲು ಸಾದಾ ಕಾಗದದ ಮೇಲೆ ಮುದ್ರಿಸಿ ಸ್ಕೇಲಿನಿಂದ ಅಳೆದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ರವಿಕೆಯ ಬೆನ್ನಿನ ಕುತ್ತಿಗೆಯ ವಿನ್ಯಾಸ ಇದಕ್ಕಿಂತ ದೊಡ್ಡದಾಗುವುದು ಸಾಮಾನ್ಯ. ಪಿಡಿಎಫ್ ಓದುವ ಅಡೋಬಿ ರೀಡರ್‌ನಲ್ಲಿ 'ಪೋಸ್ಟರ್' ಎಂಬ ಆಯ್ಕೆ ಇದೆ. ಅದು ದೊಡ್ಡ ಚಿತ್ರವನ್ನು ಹಲವು ಎ4 ಹಾಳೆಗಳಿಗೆ ಹಂಚಿ, ಜೋಡಿಸಲು ಗುರುತುಗಳನ್ನೂ ಹಾಕಿಕೊಡುತ್ತದೆ. ಅದರಲ್ಲಿ ಹಾಳೆಗಳು ಒಂದರ ಮೇಲೊಂದು ಒಂದು ಸೆಂಟಿಮೀಟರಿನಷ್ಟಾದರೂ ಹಾಯುವಂತೆ ಇಟ್ಟರೆ ಜೋಡಣೆ ಸರಿಯಾಗಿ ಕೂರುತ್ತದೆ.

ಬಟ್ಟೆಯನ್ನು ಸಿದ್ಧಗೊಳಿಸುವುದು

ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮತ್ತು ಮೊದಲ ಸಲ ತೊಳೆದಾಗ ಅದು ಕುಗ್ಗುತ್ತದೆ. ಕಸೂತಿಯ ನಂತರ ಬಟ್ಟೆ ಕುಗ್ಗಿದರೆ ಹೊಲಿಗೆಯ ಸುತ್ತ ನಿರಿಗೆ ಕಟ್ಟುತ್ತದೆ. ಅದನ್ನು ಯಾವ ಇಸ್ತ್ರಿಯೂ ಸರಿಮಾಡಲಾರದು. ಆದ್ದರಿಂದ ವಿನ್ಯಾಸ ಇಳಿಸುವ ಮೊದಲೇ ತೊಳೆದು, ಒಣಗಿಸಿ, ಎಳೆಯ ನೇರಕ್ಕೆ ಇಸ್ತ್ರಿ ಮಾಡಿಕೊಳ್ಳಿ. ಎಳೆ ಓರೆಯಾಗಿದ್ದರೆ ವಿನ್ಯಾಸವೂ ಓರೆಯಾಗುತ್ತದೆ. ರೇಷ್ಮೆಗೂ ಜರಿಗೂ ಈ ಮಾತು ಅನ್ವಯಿಸುವುದಿಲ್ಲ. ಅವುಗಳಿಗೆ ನೀರು ತಾಗಿಸದ ವಿಧಾನವನ್ನೇ ಆರಿಸಬೇಕು. ಯಾವುದೇ ಬಟ್ಟೆಯಾಗಲಿ, ಅದರದೇ ತುಂಡೊಂದನ್ನು ಕತ್ತರಿಸಿಟ್ಟುಕೊಂಡು, ವಿನ್ಯಾಸ ಇಳಿಸುವುದು, ನಾಲ್ಕು ಹೊಲಿಗೆ ಹಾಕುವುದು, ಗೆರೆ ತೆಗೆಯುವುದು ಈ ಮೂರನ್ನೂ ಮೊದಲು ಆ ತುಂಡಿನ ಮೇಲೆ ಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗೆರೆ ಇಳಿಸಿ ನೋಡಿ ತೃಪ್ತಿಪಟ್ಟು, ತೊಳೆದು ನೋಡದೆ ಬಿಡುವುದು ಪರೀಕ್ಷೆಯೇ ಅಲ್ಲ.

ಬಟ್ಟೆಯ ಮೇಲೆಯೇ ಮುದ್ರಿಸುವುದು

ತೆಳುವಾದ, ನೇಯ್ಗೆ ಒತ್ತಾಗಿರುವ ತಿಳಿಬಣ್ಣದ ಹತ್ತಿ ಬಟ್ಟೆಗೆ, ಅಂದರೆ ಕೇಂಬ್ರಿಕ್, ಪಾಪ್ಲಿನ್‌ಗಳಂಥವಕ್ಕೆ ಇದು ಅತ್ಯಂತ ನಿಖರವಾದ ವಿಧಾನ. ಕರವಸ್ತ್ರ, ಮೆತ್ತೆಯ ಕವಚ, ಗೋಡೆಗೆ ತೂಗುಹಾಕುವ ಚೌಕಟ್ಟಿನ ಕಸೂತಿ ಇಂಥವುಗಳಿಗೆ ಚೆನ್ನಾಗಿ ಒದಗುತ್ತದೆ. ವಿದೇಶಗಳಲ್ಲಿ ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಫ್ರೀಜರ್ ಪೇಪರ್ ಅನ್ನು ಬಟ್ಟೆಯ ಹಿಂದೆ ಇಸ್ತ್ರಿಯಿಂದ ಅಂಟಿಸುತ್ತಾರೆ. ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಆದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಎ4 ಅಳತೆಯ ಸ್ಟಿಕ್ಕರ್ ಹಾಳೆ ಅದೇ ಕೆಲಸವನ್ನು ಮಾಡುತ್ತದೆ.

ಸ್ಟಿಕ್ಕರ್ ಹಾಳೆಯ ಹಿಂಬದಿಯ ಕಾಗದವನ್ನು ಬಿಡಿಸಿ, ಅಂಟಿರುವ ಮುಖವನ್ನು ಮೇಲೆ ಮಾಡಿ ಮೇಜಿನ ಮೇಲೆ ಇಡಿ. ಹಾಳೆಗಿಂತ ಎಲ್ಲ ಕಡೆಯೂ ಬೆರಳಗಲ ದೊಡ್ಡದಾಗಿರುವ, ಇಸ್ತ್ರಿ ಮಾಡಿ ತಣಿದಿರುವ ಬಟ್ಟೆಯನ್ನು ಒಂದು ಅಂಚಿನಿಂದ ಆರಂಭಿಸಿ ನಿಧಾನವಾಗಿ ಹಾಸುತ್ತಾ, ಅಂಗೈಯಿಂದ ಮಧ್ಯದಿಂದ ಹೊರಗೆ ಒತ್ತುತ್ತಾ ಬನ್ನಿ. ಬಟ್ಟೆಯನ್ನು ಎಳೆಯಬಾರದು, ಎಳೆದು ಅಂಟಿಸಿದರೆ ಬಿಡಿಸಿದ ಕೂಡಲೇ ಅದು ಹಿಂದಕ್ಕೆ ಸರಿದು ಅದರೊಂದಿಗೆ ವಿನ್ಯಾಸವೂ ಕುಗ್ಗುತ್ತದೆ. ಬಳಿಕ ಹಾಳೆಯ ಅಂಚಿಗೆ ಸರಿಯಾಗಿ ಬಟ್ಟೆಯನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ. ಹೊರಗೆ ಚಾಚಿಕೊಂಡ ಒಂದೊಂದು ನೂಲನ್ನೂ ತೆಗೆಯಬೇಕು, ಏಕೆಂದರೆ ಪ್ರಿಂಟರ್‌ನೊಳಗೆ ಬಟ್ಟೆ ಸಿಕ್ಕಿಕೊಳ್ಳುವುದಕ್ಕೆ ಮುಖ್ಯ ಕಾರಣ ಇಂಥ ಬಿಡಿ ನೂಲು. ಯಂತ್ರದೊಳಗೆ ಮೊದಲು ಹೋಗುವ ಅಂಚಿಗೆ ಉದ್ದಕ್ಕೂ ತೆಳುವಾದ ಸೆಲೋಟೇಪ್ ಮಡಿಸಿ ಅಂಟಿಸಿದರೆ ರೋಲರ್ ಅದನ್ನು ಸಲೀಸಾಗಿ ಹಿಡಿಯುತ್ತದೆ.

ಹಿಂಬದಿಯಿಂದ ಕಾಗದ ಹಾಕುವ ಪ್ರಿಂಟರ್‌ಗಳಲ್ಲಿ ಹಾಳೆ ಹೆಚ್ಚು ಬಾಗದೆ ಹಾದುಹೋಗುವುದರಿಂದ ಅವು ಈ ಕೆಲಸಕ್ಕೆ ಉತ್ತಮ. ಕೆಳಗಿನ ತಟ್ಟೆಯಿಂದ ಹಾಳೆಯನ್ನು ಹಿಮ್ಮುಖವಾಗಿ ತಿರುಗಿಸುವ ಯಂತ್ರಗಳಲ್ಲಿ ಬಟ್ಟೆ ಕಾಗದದಿಂದ ಕಳಚಿಕೊಳ್ಳುವ ಅಪಾಯವಿದೆ. ಒಂದು ಸಲಕ್ಕೆ ಒಂದೇ ಹಾಳೆ ಹಾಕಿ, ಕಾಗದದ ಬಗೆಯನ್ನು ದಪ್ಪ ಕಾಗದ ಎಂದು ಆರಿಸಿ, ನಾಲ್ಕೂ ಕಡೆ ಒಂದೂವರೆ ಸೆಂಟಿಮೀಟರ್ ಖಾಲಿ ಬಿಟ್ಟು ಮುದ್ರಿಸಿ. ಗೆರೆ ತೊಳೆದುಹೋಗಬೇಕಾದರೆ ಡೈ ಶಾಯಿಯಲ್ಲಿ ತಿಳಿ ಬೂದು ಅಥವಾ ತಿಳಿ ನೀಲಿ ಗೆರೆ ಇರಲಿ. ಗೆರೆ ಉಳಿದರೂ ಅಡ್ಡಿಯಿಲ್ಲದಂತೆ ಮುಚ್ಚುವ ಹೊಲಿಗೆಯಾದರೆ ಪಿಗ್ಮೆಂಟ್ ಶಾಯಿ ನಡೆಯುತ್ತದೆ. ಮುದ್ರಣವಾದ ಮೇಲೆ ಶಾಯಿ ಚೆನ್ನಾಗಿ ಆರಲು ಬಿಟ್ಟು, ಬಳಿಕ ಬಟ್ಟೆಯನ್ನಲ್ಲ, ಬಟ್ಟೆಯಿಂದ ಕಾಗದವನ್ನು ಬಿಡಿಸಿ. ಬಟ್ಟೆಯನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟು ಕಾಗದವನ್ನು ಹಿಂದಕ್ಕೆ ಮಡಿಸಿದಂತೆ ಬಿಡಿಸುತ್ತಾ ಹೋದರೆ ಎಳೆಗಳು ಓರೆಯಾಗುವುದಿಲ್ಲ. ಅಂಟು ಬಟ್ಟೆಗೆ ಹಿಡಿದೀತಾದ್ದರಿಂದ ಅಂಟಿಸಿದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಡಬಾರದು, ಅದರ ಮೇಲೆ ಇಸ್ತ್ರಿಯನ್ನೂ ಮಾಡಬಾರದು.

ಲೇಸರ್ ಪ್ರಿಂಟರ್‌ಗೆ ಇಂಥ ಹಾಳೆಯನ್ನು ಎಂದಿಗೂ ಕೊಡಬೇಡಿ. ಅದರೊಳಗಿನ ಬಿಸಿ ರೋಲರ್‌ಗೆ ಅಂಟು ಕರಗಿ ಮೆತ್ತಿಕೊಂಡರೆ ರಿಪೇರಿಯ ಖರ್ಚು ಸಣ್ಣದಲ್ಲ.

ನೀರಿನಲ್ಲಿ ಕರಗುವ ಹಾಳೆ

ಬಟ್ಟೆಯನ್ನು ಯಂತ್ರಕ್ಕೆ ಕೊಡಲು ಮನಸ್ಸಿಲ್ಲದಿದ್ದರೆ, ಅಥವಾ ಬಟ್ಟೆ ಕಪ್ಪಾಗಿದ್ದರೆ, ದಪ್ಪವಾಗಿದ್ದರೆ, ಈಗಾಗಲೇ ಹೊಲಿದ ಕುರ್ತಾ ಅಥವಾ ಜೀನ್ಸ್ ಆಗಿದ್ದರೆ, ಒಂದು ಬದಿಗೆ ಅಂಟು ಇರುವ, ನೀರಿನಲ್ಲಿ ಕರಗುವ ಹಾಳೆಗಳು ಅತ್ಯುತ್ತಮ. ಸಲ್ಕಿ ಕಂಪನಿಯ ಸ್ಟಿಕ್ ಎನ್ ಸ್ಟಿಚ್ ಇಂಥದ್ದರಲ್ಲಿ ಹೆಸರಾದದ್ದು. ಇದೇ ಬಗೆಯ ಬೇರೆ ಹಾಳೆಗಳೂ ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. ಬೆಲೆ ಮಾತ್ರ ಸಾದಾ ಕಾಗದದಂತಲ್ಲ, ಹಾಗಾಗಿ ಒಂದೇ ಹಾಳೆಯಲ್ಲಿ ಎಷ್ಟು ವಿನ್ಯಾಸ ಹಿಡಿಸುತ್ತದೋ ಅಷ್ಟನ್ನು ಜೋಡಿಸಿ ಮುದ್ರಿಸುವುದು ಜಾಣತನ.

ನಾರಿನಂತಿರುವ ಮುಖದ ಮೇಲೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿ, ಆರಲು ಬಿಟ್ಟು, ವಿನ್ಯಾಸದ ಸುತ್ತ ಕತ್ತರಿಸಿ, ಹಿಂಬದಿ ಬಿಡಿಸಿ ಬಟ್ಟೆಯ ಮೇಲೆ ಅಂಟಿಸಿ. ಬಳಿಕ ಹಾಳೆ ಮತ್ತು ಬಟ್ಟೆ ಎರಡನ್ನೂ ಸೇರಿಸಿ ರಿಂಗ್‌ಗೆ, ಅಂದರೆ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಕಸೂತಿಯ ಬಳೆಗೆ, ಬಿಗಿದು ಎರಡರ ಮೂಲಕವೂ ಹೊಲಿಯಬೇಕು. ಸೂಜಿಗೆ ಸ್ವಲ್ಪ ಅಂಟು ಹಿಡಿಯುವುದರಿಂದ ಆಗಾಗ ಒರೆಸಿಕೊಳ್ಳಬೇಕಾಗುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಶಾಯಿಯ ವಿಷಯದಲ್ಲಿ: ಹಾಳೆ ಕರಗುವಾಗ ಕಪ್ಪು ಡೈ ಶಾಯಿಯೂ ನೀರಿಗೆ ಬಿಟ್ಟುಕೊಂಡು ಬಿಳಿ ದಾರಕ್ಕೆ ಹತ್ತಬಹುದು. ಗೆರೆ ತೆಳುವಾಗಿ, ತಿಳಿಯಾಗಿ ಇದ್ದರೆ, ಮತ್ತು ನಿಂತ ನೀರಿನಲ್ಲಿ ನೆನೆಸುವ ಬದಲು ಮೊದಲು ಹರಿಯುವ ನೀರಿನ ಕೆಳಗೆ ಹಿಡಿದರೆ, ಈ ತೊಂದರೆ ಇರುವುದಿಲ್ಲ.

ನಮ್ಮ ಧಾರವಾಡ ಕಡೆಯ ಕಸೂತಿಯನ್ನು ಕಲಿಯುವವರಿಗೆ ಈ ಹಾಳೆ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಸಾಂಪ್ರದಾಯಿಕ ಕಸೂತಿಯಲ್ಲಿ ವಿನ್ಯಾಸವನ್ನು ಬಟ್ಟೆಯ ಮೇಲೆ ಬರೆಯುವ ಪದ್ಧತಿಯೇ ಇಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಈ ನಾಲ್ಕೂ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ. ತೇರು, ಗೋಪುರ, ತುಳಸಿಕಟ್ಟೆ, ಆನೆ ಎಲ್ಲವೂ ಎಣಿಕೆಯಿಂದಲೇ ಮೂಡುತ್ತವೆ. ಆದ್ದರಿಂದ ಕಸೂತಿಯ ಗೋಪುರವೊಂದರ ಹೊರಗೆರೆಯನ್ನು ಮುದ್ರಿಸಿ ಅದರ ಮೇಲೆ ಹೊಲಿದರೆ ಹೊಲಿಗೆಗಳ ಉದ್ದ ಏರುಪೇರಾಗಿ, ಗವಂತಿಯ ಎರಡೂ ಬದಿ ಒಂದೇ ರೀತಿ ಕಾಣುವ ಸೊಗಸು ಕೈತಪ್ಪುತ್ತದೆ. ಮುದ್ರಿಸಬೇಕಾದದ್ದು ಚಿತ್ರವನ್ನಲ್ಲ, ಚೌಕಳಿಯನ್ನು. 2 ಮಿಲಿಮೀಟರ್ ಚೌಕಗಳ ಬಲೆಯನ್ನು ತಿಳಿ ಬೂದು ಗೆರೆಯಲ್ಲಿ, ಪ್ರತಿ ಹತ್ತನೆಯ ಗೆರೆ ತುಸು ಗಾಢವಾಗಿರುವಂತೆ ಕರಗುವ ಹಾಳೆಯ ಮೇಲೆ ಮುದ್ರಿಸಿ ಅಂಟಿಸಿದರೆ, ಎಳೆ ಕಣ್ಣಿಗೆ ಕಾಣದ ನಯವಾದ ಹತ್ತಿ ಬಟ್ಟೆಯ ಮೇಲೂ ಒಂದು ಚೌಕಕ್ಕೆ ಒಂದು ಹೊಲಿಗೆಯಂತೆ ಎಣಿಸಿ ಹಾಕಬಹುದು. ಎಳೆಗಳನ್ನು ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಮೇಲೆ ಕಲಿತವರಿಗೆ ಇದು ಹಿಡಿತಕ್ಕೆ ಬರುವುದು ತಡವಾಗುವುದಿಲ್ಲ. ತೊಳೆಯಲಾಗದ ರೇಷ್ಮೆ ಸೀರೆಗೆ ಇದನ್ನು ಬಳಸುವಂತಿಲ್ಲ ಎಂಬುದಷ್ಟೇ ಮಿತಿ. ಅಲ್ಲಿ ಎಳೆ ಎಣಿಸುವುದೇ ಸರಿಯಾದ ದಾರಿ.

ಟೋನರ್ ಮತ್ತು ಇಸ್ತ್ರಿ

ಲೇಸರ್ ಪ್ರಿಂಟರ್ ಇರುವವರು, ಅಥವಾ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಬಲ್ಲವರು, ಸಾದಾ ಕಾಗದದ ಮೇಲಿನ ಮುದ್ರಣವನ್ನೇ ಇಸ್ತ್ರಿಪೆಟ್ಟಿಗೆಯಿಂದ ಬಟ್ಟೆಗೆ ಇಳಿಸಬಹುದು. ಕಾಗದವನ್ನು ಮುಖ ಕೆಳಗೆ ಮಾಡಿ ಇಡುವುದರಿಂದ ಎಡ ಬಲವಾಗುತ್ತದೆ. ಆದ್ದರಿಂದ ಈ ವಿಧಾನಕ್ಕೆ ಮಾತ್ರ ವಿನ್ಯಾಸವನ್ನು ತಿರುಗುಮುರುಗಾಗಿ, ಅಂದರೆ ಕನ್ನಡಿಯಲ್ಲಿ ಕಾಣುವಂತೆ ಮುದ್ರಿಸಬೇಕು. ಹೂವಿನ ಬಳ್ಳಿಗೆ ಇದು ದೊಡ್ಡ ವಿಷಯವಲ್ಲ, ಆದರೆ ಶ್ರೀಕಾರವನ್ನೋ ಮಗುವಿನ ಹೆಸರನ್ನೋ ಹೊಲಿಯುವಾಗ ಮರೆಯುವಂತಿಲ್ಲ. ಪ್ರಿಂಟ್ ಕಿಟಕಿಯಲ್ಲಿ 'ಮಿರರ್' ಆಯ್ಕೆ ಇರದಿದ್ದರೆ ಚಿತ್ರವನ್ನೇ ಮೊದಲು ಅಡ್ಡಲಾಗಿ ತಿರುಗಿಸಿ ಉಳಿಸಿಕೊಳ್ಳಿ. ಟೋನರ್ ಉಳಿಸುವ ಆಯ್ಕೆಯನ್ನು ತೆಗೆದುಹಾಕಿ, ಗೆರೆ ಗಾಢವಾಗಿ ಬರುವಂತೆ ಮಾಡಿ, ಏಕೆಂದರೆ ಬಟ್ಟೆಗೆ ಇಳಿಯುವುದು ಟೋನರಿನ ಒಂದು ಭಾಗ ಮಾತ್ರ.

ಗಟ್ಟಿಯಾದ ಮೇಜಿನ ಮೇಲೆ ಹಳೆಯ ಹತ್ತಿ ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ಕಸೂತಿಯ ಬಟ್ಟೆ, ಅದರ ಮೇಲೆ ಮುಖ ಕೆಳಗಾಗಿ ಮುದ್ರಿತ ಕಾಗದ ಇಟ್ಟು ಎರಡು ಬದಿ ಗುಂಡುಸೂಜಿ ಹಾಕಿ. ಇಸ್ತ್ರಿಪೆಟ್ಟಿಗೆಯನ್ನು ಹತ್ತಿ ಬಟ್ಟೆಯ ಶಾಖಕ್ಕೆ ಇಡಿ, ಹಬೆ ಬೇಡ. ಒಂದೊಂದು ಜಾಗದಲ್ಲೂ ಹದಿನೈದು ಇಪ್ಪತ್ತು ಸೆಕೆಂಡ್ ಭಾರವಾಗಿ ಒತ್ತಿ, ಎತ್ತಿ, ಪಕ್ಕಕ್ಕೆ ಇಡಬೇಕೇ ಹೊರತು ಇಸ್ತ್ರಿ ಮಾಡುವ ಹಾಗೆ ಉಜ್ಜಿದರೆ ಕಾಗದ ಸರಿದು ಗೆರೆ ಎರಡಾಗುತ್ತದೆ. ಒಂದು ಮೂಲೆಯನ್ನು ಮಾತ್ರ ಎತ್ತಿ ನೋಡಿ, ಗೆರೆ ಬೂದಾಗಿ ಬಂದಿದ್ದರೆ ಸಾಕು. ಬರದಿದ್ದರೆ ಮೂಲೆಯನ್ನು ಮತ್ತೆ ಹಾಗೆಯೇ ಇಳಿಸಿ ಒತ್ತಿ.

ಈ ಗೆರೆ ತೊಳೆದರೆ ಹೋಗುತ್ತದೆಂದು ನಂಬಬಾರದು. ಸ್ಯಾಟಿನ್ ಸ್ಟಿಚ್, ಚೈನ್ ಸ್ಟಿಚ್‌ನಂತೆ ಗೆರೆಯನ್ನು ಸಂಪೂರ್ಣ ಮುಚ್ಚುವ ಹೊಲಿಗೆಗೆ ಮಾತ್ರ ಇದು ಸರಿ, ಮತ್ತು ಸ್ಯಾಟಿನ್ ಸ್ಟಿಚ್ ಹಾಕುವಾಗ ಸೂಜಿ ಗೆರೆಯ ಮೇಲಲ್ಲದೆ ಕೂದಲೆಳೆಯಷ್ಟು ಹೊರಗೆ ಇಳಿಯಬೇಕು. ಪಾಲಿಯೆಸ್ಟರ್, ಜಾರ್ಜೆಟ್, ನೈಲಾನ್‌ಗಳು ಅಷ್ಟು ಶಾಖವನ್ನು ತಾಳುವುದಿಲ್ಲ, ಅವಕ್ಕೆ ಈ ವಿಧಾನ ಬೇಡ. ಇಂಕ್‌ಜೆಟ್ ಮುದ್ರಣವನ್ನು ಎಷ್ಟು ಒತ್ತಿದರೂ ಏನೂ ಇಳಿಯುವುದಿಲ್ಲ.

ಗಾಢ ಬಣ್ಣದ ರೇಷ್ಮೆಗೆ ಚುಚ್ಚಿದ ಕಾಗದ

ಆರಿ ವರ್ಕ್, ಅಂದರೆ ಕೊಕ್ಕೆಯಂಥ ಸೂಜಿಯಿಂದ ಹಾಕುವ ಕಸೂತಿ, ಮಾಡುವ ಕುಶಲಕರ್ಮಿಗಳು ಮೊದಲಿನಿಂದಲೂ ಬಳಸುತ್ತಿರುವ ಈ ವಿಧಾನಕ್ಕೆ ಸಮಾನವಾದದ್ದು ರೇಷ್ಮೆ ರವಿಕೆಗೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಪ್ರಿಂಟರಿನ ಕೆಲಸ ನಿಖರವಾದ ಗೆರೆ ಕೊಡುವುದಷ್ಟೇ. ಮುದ್ರಿಸಿದ ಹಾಳೆಯ ಮೇಲೆ ಬಟರ್ ಪೇಪರ್ ಇಟ್ಟು ಅಲುಗದಂತೆ ಕ್ಲಿಪ್ ಹಾಕಿ, ಕೆಳಗೆ ನಾಲ್ಕು ಮಡಿಕೆಯ ಕಂಬಳಿ ಹಾಸಿ, ಗೆರೆಯ ಉದ್ದಕ್ಕೂ ಸಣ್ಣ ಸೂಜಿಯಿಂದ ಒಂದೂವರೆಯಿಂದ ಎರಡು ಮಿಲಿಮೀಟರ್ ಅಂತರದಲ್ಲಿ ಚುಚ್ಚುತ್ತಾ ಹೋಗಬೇಕು. ಸೂಜಿಯ ಹಿಂಭಾಗವನ್ನು ಬಾಟಲಿಯ ಬಿರಡೆಗೆ ಸಿಕ್ಕಿಸಿಕೊಂಡರೆ ಬೆರಳು ನೋಯುವುದಿಲ್ಲ. ಕುತ್ತಿಗೆಯ ವಿನ್ಯಾಸದ ಎಡಬಲ ಒಂದೇ ಆಗಿರುವುದರಿಂದ ಅರ್ಧವನ್ನು ಮಾತ್ರ ಮುದ್ರಿಸಿ, ಬಟರ್ ಪೇಪರನ್ನು ಮಧ್ಯಕ್ಕೆ ಮಡಿಸಿ ಎರಡು ಪದರವನ್ನೂ ಒಟ್ಟಿಗೆ ಚುಚ್ಚಿದರೆ ಎರಡು ಬದಿಯೂ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಬರುತ್ತವೆ, ಕೆಲಸವೂ ಅರ್ಧವಾಗುತ್ತದೆ.

ಚುಚ್ಚಿದ ಮೇಲೆ ಕಾಗದದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ರಂಧ್ರಗಳ ಅಂಚು ತರಿತರಿಯಾಗಿ ಕೈಗೆ ತಾಗುತ್ತದೆ. ಆ ಅಂಚುಗಳು ಒತ್ತಡಕ್ಕೆ ಮತ್ತೆ ಮುಚ್ಚಿಕೊಳ್ಳುವುದರಿಂದ ನುಣ್ಣನೆಯ ಮರಳುಕಾಗದದಿಂದ ಹಗುರವಾಗಿ ಒಂದೆರಡು ಸಲ ಉಜ್ಜಿ ಸಮಮಾಡಿ. ಬಳಿಕ ರವಿಕೆಯ ಬಟ್ಟೆಯಲ್ಲಿ ಬೆನ್ನಿನ ಮಧ್ಯರೇಖೆಯನ್ನೂ ಕುತ್ತಿಗೆಯ ಆಳವನ್ನೂ ಗುರುತಿಸಿ, ಕಾಗದದ ಮಡಿಕೆಯ ಗೆರೆಯನ್ನು ಮಧ್ಯರೇಖೆಗೆ ಹೊಂದಿಸಿ ನಾಲ್ಕೂ ಮೂಲೆಗೆ ಭಾರ ಇಡಿ. ಅಂಗಡಿಗಳಲ್ಲಿ ಝಿಂಕ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ, ಬಟ್ಟೆಯ ಉಂಡೆಯಿಂದ ಕಾಗದದ ಮೇಲೆ ಒರೆಸುತ್ತಾರೆ; ಎಣ್ಣೆ ಆವಿಯಾಗಿ ಬಿಳಿ ಚುಕ್ಕಿಗಳ ಸಾಲು ಗಟ್ಟಿಯಾಗಿ ಉಳಿಯುತ್ತದೆ. ಉಂಡೆಯನ್ನು ಚೆನ್ನಾಗಿ ಹಿಂಡಿರಬೇಕು, ಇಲ್ಲದಿದ್ದರೆ ಚುಕ್ಕಿಯ ಬದಲು ಕಲೆ ಬೀಳುತ್ತದೆ. ಗಾಳಿಯಾಡುವ ಜಾಗದಲ್ಲಿ, ಒಲೆ ಮತ್ತು ಇಸ್ತ್ರಿಪೆಟ್ಟಿಗೆಯಿಂದ ದೂರದಲ್ಲಿ ಮಾಡುವುದು ಕಡ್ಡಾಯ, ಮತ್ತು ಬಟ್ಟೆ ಪೂರ್ತಿ ಆರುವ ತನಕ ಅದರ ಹತ್ತಿರ ಬಿಸಿ ತರಬಾರದು.

ಮನೆಯಲ್ಲಿ ಸೀಮೆಎಣ್ಣೆ ಬೇಡವೆನಿಸಿದರೆ ಸೀಮೆಸುಣ್ಣದ ನುಣುಪು ಪುಡಿ ಅಥವಾ ಸಾದಾ ಟಾಲ್ಕಂ ಪುಡಿಯನ್ನು ಹತ್ತಿಯ ಉಂಡೆಯಿಂದ ಒತ್ತಬಹುದು. ಒಣ ಪುಡಿ ಬೇಗ ಉದುರುವುದರಿಂದ ಕಾಗದವನ್ನು ನೇರವಾಗಿ ಮೇಲಕ್ಕೆ ಎತ್ತಿದ ಕೂಡಲೇ, ಟೈಲರ್‌ಗಳು ಬಳಸುವ ಬಿಳಿ ಪೆನ್ಸಿಲ್‌ನಿಂದ ಚುಕ್ಕಿಗಳನ್ನು ಸೇರಿಸಿಬಿಡಿ. ಚುಚ್ಚಿದ ಕಾಗದ ಹಾಳಾಗುವುದಿಲ್ಲ; ಎರಡು ತೋಳಿಗೂ, ಮುಂದಿನ ರವಿಕೆಗೂ ಅದೇ ಬರುತ್ತದೆ, ಹೀಗಾಗಿ ಸುರುಳಿ ಸುತ್ತಿ ಜೋಪಾನವಾಗಿಡಿ. ತಿಳಿಬಣ್ಣದ ರೇಷ್ಮೆಗೆ ನೀಲಿ ಪುಡಿ ಬಳಸುವವರಿದ್ದಾರೆ. ಕಲೆ ಉಳಿಯುವ ಭಯವಿರುವುದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ವಿನ್ಯಾಸವನ್ನು ತೆಳು ಕಾಗದಕ್ಕೆ ಪೆನ್ಸಿಲ್‌ನಿಂದ ನಕಲು ಮಾಡಿ, ರೇಷ್ಮೆಯ ಮೇಲೆ ಸಡಿಲವಾಗಿ ಟಾಕಿ, ಕಾಗದದ ಮೂಲಕವೇ ಹೊಲಿದು ಕೊನೆಗೆ ಕಾಗದವನ್ನು ಹರಿದು ತೆಗೆಯುವುದು ಅಲ್ಲಿ ಸುರಕ್ಷಿತ. ವೆಲ್ವೆಟ್‌ಗೂ ಇದೇ ಸರಿ.

ಬೆಳಕು, ಪೆನ್ನು, ಕಾರ್ಬನ್

ಬಟ್ಟೆ ತೆಳುವಾಗಿ ಬಿಳಿಯಾಗಿದ್ದರೆ ಮುದ್ರಿತ ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ ಅದರ ಮೇಲೆ ಬಟ್ಟೆ ಹಿಡಿದು ನಕಲು ಮಾಡಿಕೊಳ್ಳಬಹುದು. ನೀರಿನಲ್ಲಿ ಅಳಿಯುವ ನೀಲಿ ಪೆನ್ನು ಬಳಸಿದರೆ ತಣ್ಣೀರಿನಲ್ಲಿ ಗೆರೆ ಹೋಗುವ ಮೊದಲು ಇಸ್ತ್ರಿ ತಾಗಿಸಬಾರದು, ಸೋಪೂ ಹಾಕಬಾರದು. ಶಾಖಕ್ಕೆ ಗೆರೆ ಖಾಯಂ ಆಗುತ್ತದೆ. ತಾನಾಗಿಯೇ ಮಾಯವಾಗುವ ನೇರಳೆ ಪೆನ್ನಿನ ಗೆರೆ ಒಂದೆರಡು ದಿನವೂ ನಿಲ್ಲುವುದಿಲ್ಲ, ಒಂದೇ ಕೂತಿಗೆ ಮುಗಿಯುವ ಸಣ್ಣ ಹೂವಿಗೆ ಮಾತ್ರ ಅದು. ಪೈಲಟ್ ಫ್ರಿಕ್ಷನ್ ಪೆನ್ನಿನ ಗೆರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಣದಂತಾಗುತ್ತದೆ, ಆದರೆ ಶೂನ್ಯಕ್ಕಿಂತ ತೀರ ಕೆಳಗಿನ ಚಳಿಯಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ಹಿಮ ಬೀಳುವ ಊರಿನಲ್ಲಿರುವ ಮಗಳಿಗೋ ಗೆಳತಿಗೋ ಕಳುಹಿಸುವ ಉಡುಗೊರೆಗೆ ಅದನ್ನು ಬಳಸದಿರುವುದು ಲೇಸು. ಕಾರ್ಬನ್ ಬಳಸುವುದಾದರೆ ಟೈಲರಿಂಗ್ ಸಾಮಾನಿನ ಅಂಗಡಿಯ ಹಳದಿ ಅಥವಾ ಬಿಳಿ ಕಾರ್ಬನ್ ತನ್ನಿ. ಕಚೇರಿಯ ನೀಲಿ ಕಾರ್ಬನ್‌ನಲ್ಲಿ ಮೇಣವಿರುತ್ತದೆ, ಅದರ ಕಲೆ ಬಿಡುವುದಿಲ್ಲ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆದರೆ ಗೆರೆ ಸಣ್ಣಗೆ ಬರುತ್ತದೆ.

ಕೊನೆಯ ತೊಳೆತ

ಹೊಲಿಗೆ ಮುಗಿದ ಮೇಲೆ ಅವಸರ ಮಾಡಬೇಡಿ. ಗಾಢ ಕೆಂಪು ಮತ್ತು ಕಪ್ಪು ದಾರಗಳು ಬಣ್ಣ ಬಿಡುತ್ತವೆಯೇ ಎಂಬುದನ್ನು ಒದ್ದೆ ಬಿಳಿ ಬಟ್ಟೆಯಿಂದ ಹಿಂಬದಿಗೆ ಒತ್ತಿ ನೋಡಿ. ಬಳಿಕ ಧಾರಾಳವಾದ ತಣ್ಣೀರಿನಲ್ಲಿ ಗೆರೆ ಹೋಗುವ ತನಕ ಜಾಲಿಸಿ. ಕರಗುವ ಹಾಳೆಯಾದರೆ ಪೊಟ್ಟಣದ ಮೇಲೆ ಹೇಳಿರುವಷ್ಟು ಬೆಚ್ಚಗಿನ ನೀರಿನಲ್ಲಿ, ಬಟ್ಟೆ ಬೆರಳಿಗೆ ಲೋಳೆಯಾಗಿ ಜಾರುವುದು ನಿಲ್ಲುವವರೆಗೂ ನೀರು ಬದಲಿಸುತ್ತಿರಬೇಕು. ಲೋಳೆ ಉಳಿದರೆ ಒಣಗಿದ ಮೇಲೆ ಕಸೂತಿ ಗಂಜಿ ಹಾಕಿದಂತೆ ಬಿರುಸಾಗುತ್ತದೆ. ಹಿಂಡದೆ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ. ಇನ್ನೂ ತುಸು ಹಸಿಯಿರುವಾಗಲೇ ದಪ್ಪ ಟವೆಲಿನ ಮೇಲೆ ಮುಖ ಕೆಳಗಾಗಿ ಇಟ್ಟು, ಗೆರೆ ಎಲ್ಲೂ ಉಳಿದಿಲ್ಲವೆಂದು ಬೆಳಕಿನಲ್ಲಿ ನೋಡಿಕೊಂಡ ನಂತರವೇ ಹಿಂಬದಿಯಿಂದ ಇಸ್ತ್ರಿ ಮಾಡಿ.